ಮ್ಯಾಪ್ ಕ್ವಿಜ್ ಆಡಿ ಭೂಗೋಳ ಕಲಿಯುವುದು ಹೇಗೆ: ಪಾವಗಡದಿಂದ ಕ್ಯಾಲಿನಿನ್‌ಗ್ರಾಡ್‌ವರೆಗೆ

ಕಳೆದ ಬೇಸಿಗೆ ರಜೆಗೆ ಅಕ್ಕನ ಮಗ ತುಮಕೂರಿನ ನಮ್ಮ ಮನೆಗೆ ಬಂದಿದ್ದ. ಹತ್ತನೇ ಕ್ಲಾಸಿಗೆ ಹೋಗುವ ಹುಡುಗ. ಮೂರು ದಿನ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತಿದ್ದವನು ನಾಲ್ಕನೇ ದಿನ ಸಂಜೆ ಅಡುಗೆಮನೆವರೆಗೂ ಓಡಿ ಬಂದ. "ಮಾವ, ಆಫ್ರಿಕಾ ನೂರಕ್ಕೆ ನೂರು!" ನೋಡಿದರೆ ನಿಜ. ಆನ್‌ಲೈನ್ ಮ್ಯಾಪ್ ಕ್ವಿಜ್‌ನಲ್ಲಿ ಒಂದೂ ತಪ್ಪಿಲ್ಲದೆ ಎಲ್ಲ ದೇಶ ಒತ್ತಿದ್ದ.

ಖುಷಿಯಾಯಿತು. ಹಾಗೇ ಸುಮ್ನೆ ಒಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ಕೊಟ್ಟು, "ಸರಿ, ಇದರ ಮೇಲೆ ಬರಿ ನೋಡೋಣ" ಎಂದೆ. ಕಿವಿಯ ಹಾಗೆ ಒಂದು ಆಫ್ರಿಕಾ ಬರೆದ. ಈಜಿಪ್ಟ್, ದಕ್ಷಿಣ ಆಫ್ರಿಕಾ, ಮಡಗಾಸ್ಕರ್ ಸಲೀಸಾಗಿ ಕೂತವು. ಆಮೇಲೆ ಪೆನ್ಸಿಲ್ ನಿಂತಿತು. ಕಷ್ಟಪಟ್ಟು ಹನ್ನೊಂದು ದೇಶ ಆಯಿತು. ಅದರಲ್ಲಿ ಚಾಡ್ ದೇಶವನ್ನು ತಂದು ಸಮುದ್ರದ ದಂಡೆಗೆ ಕೂರಿಸಿದ್ದ. ನಿಜವಾದ ಚಾಡ್ ಖಂಡದ ಒಳಗೆ, ನಾಲ್ಕೂ ಕಡೆ ನೆಲ ಇರುವ ದೇಶ.

"ಮ್ಯಾಪ್ ಎದುರಿಗಿದ್ರೆ ಗೊತ್ತಾಗತ್ತೆ ಮಾವ. ಇಲ್ಲಿ ಗೆರೆನೇ ಇಲ್ವಲ್ಲ" ಅಂದ.

ರೋಗ ಏನು ಅಂತ ಅವನೇ ಹೇಳಿಬಿಟ್ಟ. ಮದುವೆಮನೆಯಲ್ಲಿ ಎದುರು ಬಂದವರ ಮುಖ ಗುರುತು ಸಿಗುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ, ಅಲ್ವಾ? ಗುರುತು ಹಿಡಿಯುವುದೇ ಬೇರೆ, ನೆನಪಿನಿಂದ ಹೊರಗೆ ತೆಗೆಯುವುದೇ ಬೇರೆ. ಮ್ಯಾಪ್ ಕ್ವಿಜ್‌ಗಳು ಒಳ್ಳೆಯವೇ. ಆದರೆ ಸುಮ್ಮನೆ ಒತ್ತುತ್ತಾ ಹೋದರೆ ಮೊದಲನೆಯದು ಬರುತ್ತದೆ, ಎರಡನೆಯದು ಬರುವುದಿಲ್ಲ. ಎರಡೂ ಬರಬೇಕಾದರೆ ಹೇಗೆ ಆಡಬೇಕು ಅಂತ ಆ ರಜೆಯಲ್ಲಿ ನಾವಿಬ್ಬರೂ ಕೂತು ಮಾಡಿ ನೋಡಿದ ಕ್ರಮ ಇದು. ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಆಗುತ್ತದೆ, ಕೆಎಎಸ್‌ಗೆ ಓದುತ್ತಾ ರೂಮು ಮಾಡಿಕೊಂಡಿರುವವರಿಗೂ ಆಗುತ್ತದೆ.

ಮೊದಲು ಬೇಕಾಗುವ ಸಾಮಾನು

ಮೊಬೈಲ್ ಸಾಕು, ಕಂಪ್ಯೂಟರ್ ಇದ್ದರೆ ಇನ್ನೂ ವಾಸಿ. ಕೆರಿಬಿಯನ್ ದ್ವೀಪಗಳು ಮೊಬೈಲ್ ಪರದೆಯಲ್ಲಿ ಸಾಸಿವೆ ಕಾಳಿನಷ್ಟು ಕಾಣುತ್ತವೆ. ಬೆರಳು ಇಟ್ಟರೆ ಮೂರು ದೇಶ ಮುಚ್ಚಿಹೋಗುತ್ತವೆ. ಇದರ ಜೊತೆಗೆ ಒಂದು ಶಾಲಾ ಅಟ್ಲಾಸ್, ಒಂದು ರಫ್ ನೋಟ್‌ಬುಕ್, ಪೆನ್ಸಿಲ್, ರಬ್ಬರ್. ನೋಟ್‌ಬುಕ್ ಯಾಕೆ ಅಂತ ಕೇಳಬೇಡಿ, ಅರ್ಧ ಕೆಲಸ ಅದರಲ್ಲೇ ಇದೆ.

ಯಾವ ಸೈಟ್?

ಶುರು ಮಾಡುವವರಿಗೆ ಸೆಟೆರಾ. 1990ರ ದಶಕದಲ್ಲಿ ಸ್ವೀಡನ್‌ನ ಮರಿಯಾನ್ ವಾರ್ಟಾಫ್ಟ್ ಎಂಬ ಪ್ರೋಗ್ರಾಮರ್ ಮಾಡಿದ್ದು, ಈಗ ಜಿಯೋಗೆಸರ್ ಕಂಪನಿಯ ಕೈಯಲ್ಲಿದೆ. ಖಂಡ, ದೇಶ, ರಾಜಧಾನಿ, ನದಿ, ಬಾವುಟ ಎಲ್ಲಕ್ಕೂ ಕ್ವಿಜ್ ಇದೆ. ಹೆಸರು ತೋರಿಸುತ್ತದೆ, ನೀವು ಮ್ಯಾಪಿನಲ್ಲಿ ಜಾಗ ಒತ್ತಬೇಕು. ಮೊದಲ ಸಲಕ್ಕೇ ಸರಿ ಹೊಡೆದರೆ ಆ ದೇಶ ಬಿಳಿಯಾಗುತ್ತದೆ, ತಪ್ಪುತ್ತಾ ಹೋದರೆ ಹಳದಿ, ಕೊನೆಗೆ ಕೆಂಪು. ಆಟ ಮುಗಿದ ಮೇಲೆ ಆ ಕೆಂಪು ಮಚ್ಚೆಗಳ ಮ್ಯಾಪನ್ನು ಹಾಗೇ ಮುಚ್ಚಬೇಡಿ, ಮುಂದೆ ಬೇಕಾಗುತ್ತದೆ.

ಸ್ವಲ್ಪ ಬಂದ ಮೇಲೆ ಸ್ಪೋರ್ಕಲ್ ಅಥವಾ ಜೆಟ್‌ಪಂಕ್. ಇಲ್ಲಿ ಹೆಸರನ್ನು ನೀವೇ ಟೈಪ್ ಮಾಡಬೇಕು. ಸ್ಪೋರ್ಕಲ್‌ನಲ್ಲಿ ಜಗತ್ತಿನ ಎಲ್ಲ ದೇಶಗಳಿಗೆ ಹದಿನೈದು ನಿಮಿಷ. ಮೊದಲ ಸಲ ಆಡಿದವರಿಗೆ ಐದನೇ ನಿಮಿಷಕ್ಕೇ ಬೆವರು ಬರುತ್ತದೆ. ದಿನಕ್ಕೊಂದು ಒಗಟು ಸಾಕು ಅನ್ನುವವರಿಗೆ ವರ್ಲ್ಡಲ್: ದೇಶದ ಆಕಾರ ಮಾತ್ರ ತೋರಿಸಿ ಆರು ಅವಕಾಶ ಕೊಡುತ್ತದೆ. ತಪ್ಪಿದಾಗ ಎಷ್ಟು ಕಿಲೋಮೀಟರ್ ದೂರ, ಯಾವ ದಿಕ್ಕಿಗೆ ಅಂತ ಹೇಳುತ್ತದೆ. ದಿಕ್ಕು, ದೂರ ಎರಡೂ ತಲೆಗೆ ಹತ್ತಲು ಇದಕ್ಕಿಂತ ಸಲೀಸಾದ ಆಟ ನಾನು ನೋಡಿಲ್ಲ.

ಒಂದು ಮಾತು. ಒಂದೇ ದಿನ ನಾಲ್ಕು ಸೈಟ್‌ಗೆ ಸೇರಿಕೊಳ್ಳಬೇಡಿ. ಒಂದನ್ನು ಹಿಡಿದು ಒಂದು ತಿಂಗಳು ಆಡಿ.

ಹೆಜ್ಜೆ 1: ಕ್ವಿಜ್ ತೆರೆಯುವ ಮೊದಲು ಖಾಲಿ ಹಾಳೆ

ನಾಳೆ ಆಫ್ರಿಕಾ ಶುರು ಮಾಡುವುದಿದ್ದರೆ ಇವತ್ತು ಖಾಲಿ ಹಾಳೆಯಲ್ಲಿ ಗೊತ್ತಿರುವಷ್ಟು ಬರೆಯಿರಿ. ಹತ್ತು ನಿಮಿಷ. ಆಕಾರ ಸೊಟ್ಟ ಆದರೂ ಪರವಾಗಿಲ್ಲ. ಮೂರೇ ಹೆಸರು ಬಂದರೂ ತಾರೀಖು ಹಾಕಿ ಎತ್ತಿಡಿ. ನಾಚಿಕೆಯಾಗುತ್ತದೆ, ಆಗಲಿ. ಯಾವ ಭಾಗ ಪೂರ್ತಿ ಕತ್ತಲೆ ಅಂತ ಈ ಹಾಳೆ ತೋರಿಸುತ್ತದೆ. ಮುಂದೆ ಕ್ವಿಜ್‌ನಲ್ಲಿ ಆ ಜಾಗ ಬಂದಾಗ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ.

ಹೆಜ್ಜೆ 2: ಮನೆಯಿಂದ ಹೊರಡಿ

ಹೆಚ್ಚಿನವರು ನೇರ ಯೂರೋಪ್‌ಗೆ ಹಾರುತ್ತಾರೆ. ನನ್ನ ಲೆಕ್ಕದಲ್ಲಿ ಅದು ತಪ್ಪು. ಸ್ವಂತ ಜಿಲ್ಲೆಯ ಮ್ಯಾಪ್ ತಲೆಯಲ್ಲಿ ಇಲ್ಲದವರಿಗೆ ಬೇರೆ ದೇಶದ್ದು ಬರೀ ಬಣ್ಣದ ಚೂರುಗಳು.

ತುಮಕೂರು ಜಿಲ್ಲೆಗೆ ಹತ್ತು ತಾಲ್ಲೂಕು. ತುಮಕೂರು, ಗುಬ್ಬಿ, ತಿಪಟೂರು, ತುರುವೇಕೆರೆ, ಕುಣಿಗಲ್, ಚಿಕ್ಕನಾಯಕನಹಳ್ಳಿ, ಶಿರಾ, ಕೊರಟಗೆರೆ, ಮಧುಗಿರಿ, ಪಾವಗಡ. ಇವನ್ನು ಮ್ಯಾಪ್ ನೋಡದೆ ಕೂರಿಸಲು ಬರುತ್ತದೆಯೇ? ನನ್ನ ಅಳಿಯ ತುರುವೇಕೆರೆಯನ್ನೂ ಚಿಕ್ಕನಾಯಕನಹಳ್ಳಿಯನ್ನೂ ಅದಲುಬದಲು ಮಾಡಿದ. ನಾನು ನಗಲಿಲ್ಲ, ನನಗೂ ಒಂದು ಕ್ಷಣ ಅನುಮಾನ ಬಂದಿತ್ತು.

ಇಲ್ಲಿ ಪಾವಗಡವನ್ನು ಚೆನ್ನಾಗಿ ನೋಡಿಕೊಳ್ಳಿ. ಹೆಚ್ಚುಕಡಿಮೆ ಎಲ್ಲ ಕಡೆಯೂ ಆಂಧ್ರ. ಜಿಲ್ಲೆಯ ಉಳಿದ ಭಾಗಕ್ಕೂ ಪಾವಗಡಕ್ಕೂ ನಡುವೆ ಆಂಧ್ರದ ಮಡಕಶಿರಾ ಬೆಣೆ ಹೊಡೆದ ಹಾಗೆ ತೂರಿಕೊಂಡಿದೆ. ತುಮಕೂರಿನಿಂದ ಪಾವಗಡಕ್ಕೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಕಿಟಕಿಯಾಚೆ ಅಂಗಡಿ ಬೋರ್ಡುಗಳು ಇದ್ದಕ್ಕಿದ್ದಂತೆ ತೆಲುಗಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುತ್ತವೆ. ಈ ಒಂದು ಆಕಾರ ತಲೆಗೆ ಹೋದರೆ ಜಗತ್ತಿನ ಎಷ್ಟೋ ವಿಚಿತ್ರ ಚೂರುಗಳು ಅರ್ಥವಾಗುತ್ತವೆ. ಪೋಲೆಂಡ್ ಮತ್ತು ಲಿಥುವೇನಿಯಾ ನಡುವೆ ಸಿಕ್ಕಿಕೊಂಡಿರುವ ರಷ್ಯಾದ ಕ್ಯಾಲಿನಿನ್‌ಗ್ರಾಡ್. ಅಂಗೋಲಾದಿಂದ ಕಡಿದುಹೋಗಿ ಕಾಂಗೋಗಳ ನಡುವೆ ಇರುವ ಕಬಿಂಡಾ. ಕೆನಡಾ ದಾಟಿ ಆಚೆ ಇರುವ ಅಲಾಸ್ಕಾ. ನಮ್ಮ ಅಳಿಯನ ಬಾಯಲ್ಲಿ ಇವೆಲ್ಲ "ಆ ದೇಶದ ಪಾವಗಡ". ಕ್ಯಾಲಿನಿನ್‌ಗ್ರಾಡ್ ಪೂರ್ತಿ ಕಡಿದುಹೋಗಿದೆ, ಪಾವಗಡ ಅಷ್ಟು ಅಲ್ಲ ಅಂತ ಹೇಳಿದ್ದೇನೆ. ಆದರೂ ಅವನು ಆ ಹೆಸರು ಬಿಟ್ಟಿಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆಯದಿದ್ದರೆ ಸಾಕು.

ತಾಲ್ಲೂಕುಗಳ ಕ್ವಿಜ್ ಸಿಗದಿದ್ದರೆ ನೀವೇ ಮಾಡಿಕೊಳ್ಳಬಹುದು. ಆಂಕಿ ಎಂಬ ಉಚಿತ ಪ್ರೋಗ್ರಾಮನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಜಿಲ್ಲಾ ಮ್ಯಾಪಿನ ಒಂದು ಚಿತ್ರ ಅದರೊಳಗೆ ತನ್ನಿ. ಚಿತ್ರದ ಭಾಗಗಳನ್ನು ಮುಚ್ಚುವ ಸೌಲಭ್ಯ ಅದರಲ್ಲೇ ಇದೆ. ಪ್ರತಿ ತಾಲ್ಲೂಕಿನ ಹೆಸರಿನ ಮೇಲೂ ಒಂದು ಚೌಕ ಎಳೆಯಿರಿ. ಹತ್ತು ಚೌಕ ಎಳೆದರೆ ಹತ್ತು ಕಾರ್ಡ್ ತಯಾರು. ಒಂದೊಂದು ಕಾರ್ಡ್ ಬಂದಾಗ ಮುಚ್ಚಿದ ಹೆಸರು ಹೇಳಬೇಕು, ಆಮೇಲೆ ತೆರೆದು ನೋಡಬೇಕು. ಆಂಡ್ರಾಯ್ಡ್ ಫೋನಿಗೆ ಅದರ ಆ್ಯಪ್ ಉಚಿತ, ಐಫೋನಿನದಕ್ಕೆ ಮಾತ್ರ ದುಡ್ಡು. ಹತ್ತು ತಾಲ್ಲೂಕು ಮುಗಿದರೆ ಇದೇ ರೀತಿ ಕರ್ನಾಟಕದ 31 ಜಿಲ್ಲೆ. ಆಮೇಲೆ ರಾಜ್ಯದ ಆರು ನೆರೆಹೊರೆ: ಗೋವಾ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ತಮಿಳುನಾಡು, ಕೇರಳ. ಗಡಿಯಾರದ ಮುಳ್ಳು ತಿರುಗಿದ ಹಾಗೆ ಹೇಳಿ ಅಭ್ಯಾಸ ಮಾಡಿ.

ನದಿಗಳಿಗೂ ಇದೇ ದಾರಿ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿ ಸೇರಿ ಆಂಧ್ರದ ಕಡೆ ಹೋಗುತ್ತದೆ. ಅದೇ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಕಾವೇರಿ ಸೇರುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಒಂದೇ ಮಳೆ, ಸಮುದ್ರ ಮುಟ್ಟುವುದು ನೆಲ್ಲೂರಿನ ಹತ್ತಿರ ಸ್ವಲ್ಪ, ತಮಿಳುನಾಡಿನ ಪೂಂಪುಹಾರ್ ಹತ್ತಿರ ಸ್ವಲ್ಪ. ಚಿಕ್ಕಬಳ್ಳಾಪುರದವರಾದರೆ ನಂದಿಬೆಟ್ಟದ ಸುತ್ತಿನಿಂದ ಶುರು ಮಾಡಿ. ಅಲ್ಲಿಂದ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಒಂದೊಂದು ದಿಕ್ಕು ಹಿಡಿಯುತ್ತವೆ. ನದಿ ಕ್ವಿಜ್‌ನಲ್ಲಿ ನೀಲಿ ಗೆರೆ ಒತ್ತುವ ಮೊದಲು "ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ" ಅಂತ ಬಾಯಿಬಿಟ್ಟು ಹೇಳಿ. ಅದಕ್ಕೆ ಇಷ್ಟು ಉದ್ದ ಹೇಳಿದ್ದು.

ಹೆಜ್ಜೆ 3: ಖಂಡವನ್ನು ತುಂಡು ಮಾಡಿ, ದಂಡೆ ಹಿಡಿದು ನಡೆಯಿರಿ

ಆಫ್ರಿಕಾದಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು 54. ಕೆಲವು ಕ್ವಿಜ್‌ನಲ್ಲಿ ಪಶ್ಚಿಮ ಸಹಾರಾ ಸೇರಿ 55 ಬರುತ್ತದೆ, ಗಾಬರಿ ಬೇಡ. 54ನ್ನೂ ಒಂದೇ ಏಟಿಗೆ ಆಡಿದರೆ ತಲೆ ಕೆಡುತ್ತದೆ. ಮೊದಲು ಸಮುದ್ರ ಇರುವವು, ಆಮೇಲೆ ಸಮುದ್ರ ಇಲ್ಲದವು.

ಪಶ್ಚಿಮದ ದಂಡೆಯನ್ನು ನಾವು ಬಸ್ ನಿಲ್ದಾಣಗಳ ಹಾಗೆ ಕಲಿತೆವು. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುತ್ತಾರಲ್ಲ, "ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್, ತಿಪಟೂರೂ" ಅಂತ. ಅದೇ ರಾಗದಲ್ಲಿ: ಸೆನೆಗಲ್, ಗ್ಯಾಂಬಿಯಾ, ಗಿನಿ-ಬಿಸಾವ್, ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾ, ಐವರಿ ಕೋಸ್ಟ್, ಘಾನಾ, ಟೋಗೋ, ಬೆನಿನ್, ನೈಜೀರಿಯಾ, ಕ್ಯಾಮರೂನ್. ಗ್ಯಾಂಬಿಯಾ ಮಾತ್ರ ಸೆನೆಗಲ್‌ನ ಹೊಟ್ಟೆಯೊಳಗೆ ನದಿಗುಂಟ ತೂರಿಕೊಂಡಿದೆ. ಹಾಗಾಗಿ ಅದು ಬೈಪಾಸ್ ಬಿಟ್ಟು ಊರೊಳಗೆ ಹೋಗುವ ಸ್ಟಾಪು ಇದ್ದಂತೆ. ಮೂರು ದಿನ ಮನೆಯಲ್ಲಿ ಈ ಕೂಗು ಕೇಳಿ ಕೇಳಿ ಪಕ್ಕದ ಮನೆಯವರು, "ಯಾವ ರೂಟು ಇದು?" ಅಂತ ಕೇಳಿದರು.

ದಂಡೆ ಗಟ್ಟಿಯಾದರೆ ಒಳಗಿನವು ತಾವಾಗಿ ಕೂರುತ್ತವೆ. ಮಾಲಿ, ಬುರ್ಕಿನಾ ಫಾಸೊ, ನೈಜರ್, ಚಾಡ್ ಸಾಲಾಗಿ ಬರುತ್ತವೆ. ಆಫ್ರಿಕಾದಲ್ಲಿ ಸಮುದ್ರ ಇಲ್ಲದ ದೇಶ 16. ಇವನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಚಾಡ್ ಇನ್ನೊಂದು ಸಲ ಸಮುದ್ರಕ್ಕೆ ಹೋಗುವುದಿಲ್ಲ.

ಗೊಂದಲದ ಹೆಸರುಗಳನ್ನು ಜೊತೆ ಕಟ್ಟಿ ಕಲಿಯಬೇಕು. ನೈಜರ್ ಮೇಲೆ, ನೈಜೀರಿಯಾ ಕೆಳಗೆ. ಕಾಂಗೋ ಎರಡು. ಗಿನಿ ಎಂಬ ಹೆಸರಿನವು ಆಫ್ರಿಕಾದಲ್ಲೇ ಮೂರು, ನಾಲ್ಕನೆಯದು ಪಪುವಾ ನ್ಯೂಗಿನಿ ಆಸ್ಟ್ರೇಲಿಯಾದ ಉತ್ತರಕ್ಕೆ.

ಹೆಜ್ಜೆ 4: ಒತ್ತುವ ಮೊದಲು ಅಕ್ಕಪಕ್ಕ ಹೇಳಿ

ಈ ಹೆಜ್ಜೆ ಚಿಕ್ಕದು, ಆದರೆ ಬಿಡಬೇಡಿ. ಪರದೆಯಲ್ಲಿ "ಜಾಂಬಿಯಾ" ಅಂತ ಬಂತು ಅನ್ನಿ. ತಕ್ಷಣ ಒತ್ತಬೇಡಿ. "ಕೆಳಗೆ ಜಿಂಬಾಬ್ವೆ, ಎಡಕ್ಕೆ ಅಂಗೋಲಾ" ಎಂದು ಹೇಳಿ ಆಮೇಲೆ ಒತ್ತಿ. ವೇಗ ಕಡಿಮೆಯಾಗುತ್ತದೆ, ಟೈಮರ್ ಓಡುತ್ತಿರುತ್ತದೆ, ಓಡಲಿ ಬಿಡಿ. ಮಕ್ಕಳು ಸೆಕೆಂಡು ಕಡಿಮೆ ಮಾಡಿಕೊಳ್ಳುವ ಹುಚ್ಚಿಗೆ ಬಿದ್ದರೆ ಬೆರಳು ಕಲಿಯುತ್ತದೆ, ತಲೆ ಕಲಿಯುವುದಿಲ್ಲ.

ಕ್ರಮ ಹೀಗಿರಲಿ: ಮೊದಲು ಹೆಸರು ತೋರಿಸಿ ಕಲಿಸುವ ವಿಧಾನ, ಒಂದೇ ಸಲ. ಆಮೇಲೆ ಒತ್ತುವ ವಿಧಾನ, ತೊಂಬತ್ತು ಪರ್ಸೆಂಟ್ ಬರುವವರೆಗೆ. ಆಮೇಲೆ ಟೈಪ್ ಮಾಡುವ ವಿಧಾನ. ಕೊನೆಗೆ ಖಾಲಿ ಹಾಳೆ. ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಕಾಟ ಕೊಡುತ್ತದೆ. ಕನ್ನಡ ಮೀಡಿಯಂ ಮಕ್ಕಳು ಅದಕ್ಕೇ ಹೆದರಿ ಬಿಟ್ಟುಬಿಡುತ್ತಾರೆ. ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಅಂತ ಎರಡು ಕಾಲಂ ಮಾಡಿದರೆ ಎರಡು ವಾರದಲ್ಲಿ ಹೆದರಿಕೆ ಹೋಗುತ್ತದೆ.

ಹೆಜ್ಜೆ 5: ಪ್ರತಿ ದೇಶಕ್ಕೂ ಒಂದು ಗೂಟ

ಕೆಂಪು ಮಚ್ಚೆಗಳ ಮ್ಯಾಪ್ ಇಟ್ಟುಕೊಳ್ಳಿ ಎಂದಿದ್ದೆನಲ್ಲ, ಅದನ್ನು ಈಗ ತೆಗೆಯಿರಿ. ಎರಡು ಸಲ ತಪ್ಪಿದ ದೇಶವನ್ನು ಮೂರನೇ ಸಲ ಬರೀ ಕ್ವಿಜ್ ಆಡಿ ಸರಿ ಮಾಡಲು ಆಗುವುದಿಲ್ಲ. ಅದನ್ನು ಕಟ್ಟಿಹಾಕಲು ಒಂದು ಗೂಟ ಬೇಕು. ಗೂಟ ನಮ್ಮೂರಿನಲ್ಲೇ ಇದೆ.

ನಾವು ತಿನ್ನುವ ಮುದ್ದೆಯಿಂದ ಶುರು ಮಾಡಿ. ರಾಗಿ ಸಾವಿರಾರು ವರ್ಷಗಳ ಹಿಂದೆ ಬಂದದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ, ಇಥಿಯೋಪಿಯಾ, ಉಗಾಂಡಾ ಕಡೆಯಿಂದ. ಸಾರಿನ ಹುಣಸೆಹಣ್ಣಿಗೂ ತವರು ಆಫ್ರಿಕಾನೇ. ಅರಬರು ಅದನ್ನು "ಹಿಂದ್‌ನ ಖರ್ಜೂರ" ಅಂತ ಕರೆದದ್ದರಿಂದ ಇಂಗ್ಲಿಷ್ ಹೆಸರು ಬಂತು, ಅಷ್ಟೇ. ಚಿಂತಾಮಣಿ ಕಡೆಯ ಆಲೂಗಡ್ಡೆಯ ತವರು ಪೆರು, ಬೊಲಿವಿಯಾದ ಆಂಡಿಸ್ ಬೆಟ್ಟಗಳು. ಪಾವಗಡ, ಶಿರಾದ ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ. ಕೋಲಾರ ಮಾರ್ಕೆಟ್ಟಿನ ಟೊಮೆಟೊವನ್ನು ತೋಟದ ಬೆಳೆ ಮಾಡಿದವರು ಮೆಕ್ಸಿಕೋದವರು. ರಸ್ತೆ ಪಕ್ಕದ ನೀಲಗಿರಿ ತೋಪು ಆಸ್ಟ್ರೇಲಿಯಾದ್ದು. ಶಿಡ್ಲಘಟ್ಟದ ರೇಷ್ಮೆಗೆ ಚೀನಾ. ತಿಪಟೂರಿನ ಕೊಬ್ಬರಿ ಅಂದರೆ ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಎರಡೂ ನೆನಪಿಗೆ ಬರಬೇಕು. ತೆಂಗಿನಲ್ಲಿ ನಮ್ಮ ಜೊತೆ ಪೈಪೋಟಿಗೆ ನಿಲ್ಲುವ ದೇಶಗಳು ಅವೇ.

ಕೆಜಿಎಫ್‌ನದು ಇನ್ನೂ ಗಟ್ಟಿ ಗೂಟ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದಿದ್ದ ಆ ಗಣಿ 2001ರಲ್ಲಿ ಮುಚ್ಚಿತು. ಅದಕ್ಕಿಂತ ಆಳದ ಚಿನ್ನದ ಗಣಿ ಇರುವುದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಪಕ್ಕ. ಕೋಲಾರದ ಮಗುವಿಗೆ ಜೋಹಾನ್ಸ್‌ಬರ್ಗ್ ಎಲ್ಲಿದೆ ಅಂತ ಒಂದು ಸಲ ಹೀಗೆ ಹೇಳಿದರೆ ಸಾಕು.

ಹೆಜ್ಜೆ 6: ಯಾವಾಗ ಮತ್ತೆ ಆಡಬೇಕು

ಇವತ್ತು ಆಡಿದ್ದನ್ನು ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ಮೂರು ವಾರ ಬಿಟ್ಟು ಒಮ್ಮೆ. ದಿನಕ್ಕೆ ಹದಿನೈದು ನಿಮಿಷ ಧಾರಾಳ. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಜಾಸ್ತಿ ಮರೆತುಹೋಗುತ್ತದೆ, ಆಮೇಲೆ ನಿಧಾನ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ಇದನ್ನು ತೋರಿಸಿದ್ದ. ಆಂಕಿ ಬಳಸುವವರಿಗೆ ಈ ಲೆಕ್ಕ ಅದೇ ಹಾಕುತ್ತದೆ. ಸೆಟೆರಾ ಆಡುವವರು ಗೋಡೆ ಕ್ಯಾಲೆಂಡರ್‌ನಲ್ಲಿ ತಾರೀಖಿನ ಚೌಕದೊಳಗೆ "ಆಫ್ರಿಕಾ 3" ಅಂತ ಪೆನ್ನಿನಲ್ಲಿ ಬರೆದರೆ ಮುಗಿಯಿತು.

ಹೆಜ್ಜೆ 7: ಮ್ಯಾಪನ್ನೂ ಅನುಮಾನಿಸಿ

ಒಂದು ಟ್ಯೂಷನ್ ಗೋಡೆಯಲ್ಲಿ ಮೊನ್ನೆಮೊನ್ನೆವರೆಗೂ 29 ರಾಜ್ಯಗಳ ಚಾರ್ಟ್ ತೂಗುತ್ತಿತ್ತು. ನಮ್ಮ ಹುಡುಗ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆನ್‌ಲೈನ್ ಕ್ವಿಜ್‌ಗಳಲ್ಲೂ ಹಳೇ ಸರಕು ಬೇಕಾದಷ್ಟಿದೆ. ಮೂರು ಪರೀಕ್ಷೆ ಮಾಡಿ ನೋಡಿ. ಭಾರತದಲ್ಲಿ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ ಇವೆಯೇ? ಲಡಾಖ್ ಬೇರೆಯಾಗಿದ್ದು 2019ರಲ್ಲಿ, ದಾದ್ರಾ ನಗರ ಹವೇಲಿ ಮತ್ತು ದಮನ್ ದಿಯು ಒಂದಾಗಿದ್ದು 2020ರಲ್ಲಿ. ಕರ್ನಾಟಕದ ಕ್ವಿಜ್‌ನಲ್ಲಿ ವಿಜಯನಗರ ಜಿಲ್ಲೆ ಇದೆಯೇ? ಅದು 2021ರದ್ದು. ಚಿಕ್ಕಬಳ್ಳಾಪುರವೇ ಇನ್ನೂ ಕೋಲಾರದೊಳಗೆ ಇದ್ದರೆ ಆ ಮ್ಯಾಪ್ 2007ಕ್ಕೂ ಹಿಂದಿನದು, ಮುಚ್ಚಿಬಿಡಿ. ಆಫ್ರಿಕಾದಲ್ಲಿ ದಕ್ಷಿಣ ಸುಡಾನ್ ಇಲ್ಲದಿದ್ದರೆ 2011ಕ್ಕೂ ಹಿಂದಿನದು. ಸ್ವಾಜಿಲ್ಯಾಂಡ್ ಅಂತ ಇದ್ದರೆ, ಆ ದೇಶ 2018ರಲ್ಲಿ ಎಸ್ವಾಟಿನಿ ಆಗಿದೆ.

ಇನ್ನೊಂದು ಎಚ್ಚರಿಕೆ. ವಿದೇಶಿ ಸೈಟ್‌ಗಳು ಜಮ್ಮು ಕಾಶ್ಮೀರ, ಲಡಾಖ್ ಗಡಿಯನ್ನು ಚುಕ್ಕಿ ಗೆರೆಯಲ್ಲೋ ತುಂಡು ಮಾಡಿಯೋ ತೋರಿಸುವುದು ಮಾಮೂಲು. ನಮ್ಮ ಪರೀಕ್ಷೆಯಲ್ಲಿ ಬರೆಯಬೇಕಾದ್ದು ಸರ್ವೆ ಆಫ್ ಇಂಡಿಯಾ ಒಪ್ಪುವ ಗಡಿ. ಹಾಗಾಗಿ ಭಾರತದ ಆಕಾರವನ್ನು ಕ್ವಿಜ್ ನೋಡಿ ಕಲಿಯಬೇಡಿ, ಪಠ್ಯಪುಸ್ತಕ ನೋಡಿ ಕಲಿಯಿರಿ.

ಅಳತೆಯ ಮೋಸವೂ ಇದೆ. 1569ರಲ್ಲಿ ಮರ್ಕೇಟರ್ ಹಡಗಿನವರಿಗಾಗಿ ಮಾಡಿದ ಮ್ಯಾಪಿನ ಕ್ರಮದಲ್ಲಿ ಧ್ರುವದ ಕಡೆಯ ನೆಲ ಊದಿಕೊಂಡು ಕಾಣುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು ಅನ್ನಿಸುತ್ತದೆ. ನಿಜಕ್ಕೂ ಅಂಥ ಹದಿನಾಲ್ಕು ಗ್ರೀನ್‌ಲ್ಯಾಂಡ್ ಆಫ್ರಿಕಾದೊಳಗೆ ಹಿಡಿಯುತ್ತವೆ. ಭಾರತವೇ ಅದಕ್ಕಿಂತ ದೊಡ್ಡದು. ದ ಟ್ರೂ ಸೈಜ್ ಎಂಬ ಸೈಟ್‌ನಲ್ಲಿ ಗ್ರೀನ್‌ಲ್ಯಾಂಡನ್ನು ಬೆರಳಿನಿಂದ ಎಳೆದು ತಂದು ಭಾರತದ ಮೇಲೆ ಇಡಿ. ಎಳೆಯುತ್ತಿದ್ದಂತೆ ಅದು ಕುಗ್ಗುವುದನ್ನು ನೋಡಿ ನಮ್ಮ ಹುಡುಗ ಐದಾರು ಸಲ ಹಿಂದಕ್ಕೂ ಮುಂದಕ್ಕೂ ಎಳೆದಾಡಿದ.

ಹೆಜ್ಜೆ 8: ಪರದೆಯಿಂದ ಹಾಳೆಗೆ

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬರೆದು ಗುರುತಿಸುವ ಪ್ರಶ್ನೆ ಇರುತ್ತದೆ. ಅಲ್ಲಿ ಮೌಸೂ ಇಲ್ಲ, ಸುಳಿವೂ ಇಲ್ಲ. ವಾರಕ್ಕೆರಡು ಸಲ ಕೈಯಿಂದಲೇ ಭಾರತ ಬರೆಯಿರಿ. ಮೊದಲು 23½ ಡಿಗ್ರಿ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಅಡ್ಡ ಎಳೆಯಿರಿ. ಅದು ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರಾ, ಮಿಜೋರಾಂ, ಹೀಗೆ ಎಂಟು ರಾಜ್ಯ ದಾಟುತ್ತದೆ. ಆಮೇಲೆ 82½ ಡಿಗ್ರಿ ಪೂರ್ವ ರೇಖಾಂಶ, ಮೇಲಿನಿಂದ ಕೆಳಕ್ಕೆ, ಕಾಕಿನಾಡದ ಹತ್ತಿರ ಸಮುದ್ರಕ್ಕೆ ಇಳಿಯುತ್ತದೆ. ಈ ಎರಡು ಗೆರೆ ಸರಿಯಾಗಿ ಕೂತರೆ ಭಾಕ್ರಾ, ಹಿರಾಕುಡ್, ತುಂಗಭದ್ರಾ ಅಣೆಕಟ್ಟುಗಳು, ಕಾಂಡ್ಲಾ ಬಂದರು ಯಾವ ಚೌಕದಲ್ಲಿ ಬರುತ್ತವೆ ಅಂತ ಅಂದಾಜು ಸಿಗುತ್ತದೆ.

ಮೂರು ವಾರ ಆದ ಮೇಲೆ ಅಳಿಯನಿಗೆ ಮತ್ತೆ ಅದೇ ಕ್ಯಾಲೆಂಡರಿನ ಇನ್ನೊಂದು ಹಾಳೆ ಕೊಟ್ಟೆ. ಈ ಸಲ ಆಫ್ರಿಕಾ ಕಿವಿಯ ಹಾಗೆ ಇರಲಿಲ್ಲ. 54ರಲ್ಲಿ 47 ಬರೆದ. ಚಾಡ್ ಒಳಗೇ ಇತ್ತು. ಬಿಟ್ಟುಹೋದದ್ದು ಹೆಚ್ಚಾಗಿ ದ್ವೀಪಗಳು: ಕೊಮೊರೊಸ್, ಸೀಶೆಲ್ಸ್, ಕೇಪ್ ವರ್ಡೆ, ಸಾವೊ ಟೊಮೆ. ಹಾಳೆ ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಾ, "ದ್ವೀಪಕ್ಕೆ ಬಸ್ ಹೋಗಲ್ವಲ್ಲ ಮಾವ, ಅದಕ್ಕೇ ಬಿಟ್ಹೋಯ್ತು" ಅಂದ.